ತಾರಸಿ ತೋಟಕ್ಕೆ ಮುಂಚೆ ಕಟ್ಟಡ ನೋಡಿಸಿ

ಮೇಡಂ, ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಲ್ಲಿ 1998ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ಕಟ್ಟಡ, ಕೆಳಗೆ ನೀವು, ಮೇಲೆ ಬಾಡಿಗೆಯವರು, ಈಚೆಗೆ ಹಾಕಿಸಿದ ಲಿಫ್ಟ್. ತಾರಸಿಯಲ್ಲಿ ಇಟ್ಟಿಗೆ ಕಟ್ಟೆ ಕಟ್ಟಿಸಿ, ಒಂದಡಿ ಮಣ್ಣು ತುಂಬಿ ತರಕಾರಿ ಬೆಳೆಯಬೇಕು ಅಂತಿದ್ದೀರಿ. ಯಾವ ಮಣ್ಣು ಒಳ್ಳೆಯದು ಅನ್ನೋದು ನಿಮ್ಮ ಪ್ರಶ್ನೆ. ಕೊನೆಯಲ್ಲಿ "ಸಜ್ಜಾದಿಂದ ಒಂದೆರಡು ಕಡೆ ಗಾರೆ ಉದುರಿದೆ" ಅಂತಲೂ ಬರೆದಿದ್ದೀರಿ. ಹಳೆ ಕಟ್ಟಡಗಳ ರಿಪೇರಿಯೇ ನನ್ನ ಕೆಲಸ. ಹಾಗಾಗಿ ನನ್ನ ಕಣ್ಣು ಮೊದಲು ಆ ಕೊನೆ ಸಾಲಿನ ಮೇಲೆ ಹೋಯಿತು. ಮಣ್ಣಿನ ವಿಷಯ ಬೇರೆಯವರು ಚೆನ್ನಾಗಿ ಹೇಳಿದ್ದಾರೆ. ನಾನು ಕಟ್ಟಡದ ಬಗ್ಗೆ ಬರೆಯುತ್ತೇನೆ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಮೊದಲು ತೂಕ. ಓಡಾಡುವ ತಾರಸಿಗೆ ಐಎಸ್ 875 (ಕಟ್ಟಡ ಎಷ್ಟು ಭಾರ ಹೊರಬೇಕು ಅಂತ ಹೇಳುವ ಭಾರತೀಯ ಮಾನಕ) ಲೆಕ್ಕ ಹಿಡಿಯುವ ಹೆಚ್ಚುವರಿ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಅಂದರೆ ಚದರ ಅಡಿಗೆ 14 ಕಿಲೋ. ಒಂದಡಿ ಆಳದ ಒದ್ದೆ ಮಣ್ಣು ಚದರ ಅಡಿಗೆ 45ರಿಂದ 50 ಕಿಲೋ ತೂಗುತ್ತೆ. ಮೂರು ಪಟ್ಟಿಗಿಂತ ಜಾಸ್ತಿ! ಇದಕ್ಕೆ ಇಟ್ಟಿಗೆ ಕಟ್ಟೆಯ ತೂಕ ಬೇರೆ ಸೇರಿಸಬೇಕು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಗೊಬ್ಬರದ ಮಿಶ್ರಣ ಆದರೂ ನೀರು ಕುಡಿದ ಮೇಲೆ ಅದೇ ಆಳಕ್ಕೆ 25 ಕಿಲೋ ಹತ್ತಿರ ಬರುತ್ತೆ. ಹಾಗಾಗಿ ತಾರಸಿ ತುಂಬಾ ಒಂದಡಿ ಮಣ್ಣು ಹಾಕುವ ಯೋಚನೆ ಬಿಡಿ. ಬ್ಯಾಗ್, ಕುಂಡಗಳಲ್ಲಿ ಬೆಳೆಯಿರಿ, ಅವನ್ನೂ ಒತ್ತೊತ್ತಾಗಿ ಇಡಬೇಡಿ, ಮಧ್ಯೆ ಓಡಾಡಲು ಜಾಗ ಬಿಡಿ. ಅರ್ಧ ಡ್ರಮ್ಮಿನಂಥ ಭಾರದ ಕುಂಡ ಇದ್ದರೆ ಬೀಮ್ ಮೇಲೆ, ಪಿಲ್ಲರ್ ಹತ್ತಿರ ಬರಲಿ. ಬೀಮ್ ಎಲ್ಲಿದೆ ಅಂತ ಕೆಳಗಿನ ಮನೆಯ ಸೂರು ನೋಡಿದರೆ ಗೊತ್ತಾಗುತ್ತೆ. ಹೊರಗೆ ಚಾಚಿದ ಬಾಲ್ಕನಿ, ಸಜ್ಜಾ ಮೇಲೆ ಭಾರದ್ದು ಏನೂ ಬೇಡ. ಪ್ಯಾರಾಪೆಟ್ ಗೋಡೆ ಮೇಲಂತೂ ಕುಂಡ ಇಡಲೇಬಾರದು, ಗಾಳಿಗೆ ಬಿದ್ದರೆ ಕೆಳಗೆ ನಡೆಯುವವರ ತಲೆ ಮೇಲೆ.

ನೀರು ಹೋಗುವ ಪೈಪಿನ ಬಾಯಿ ನೋಡಿ. ಎಲೆ, ಮಣ್ಣು ಕಟ್ಟಿಕೊಂಡು ತಾರಸಿಯಲ್ಲಿ ನಾಲ್ಕು ಇಂಚು ನೀರು ನಿಂತರೆ ಅದೇ ಚದರ ಮೀಟರಿಗೆ 100 ಕಿಲೋ. ಒಂದು ಮಳೆಗೆ ಬರುವ ಭಾರ ಅದು. ನಿಮ್ಮ ಸೈಟು 60x40 ಅಡಿ ಅಂದಿದ್ದೀರಿ. 2009ರ ಕಾನೂನು ತಿದ್ದುಪಡಿ ಆದ ಮೇಲೆ ಆ ಅಳತೆಯ ಹಳೆ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯ, ಇಲ್ಲದಿದ್ದರೆ ಜಲಮಂಡಳಿ ನೀರಿನ ಬಿಲ್ಲಿನಲ್ಲೇ ದಂಡ ಸೇರಿಸುತ್ತೆ. ತೋಟ ಮಾಡಿದ ಮೇಲೆ ಮಣ್ಣು ಮಳೆನೀರು ಕೊಯ್ಲಿನ ಫಿಲ್ಟರಿಗೆ ಹೋಗುತ್ತೆ. ಪೈಪಿನ ಬಾಯಿಗೆ ಜಾಲರಿ ಹಾಕಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ತೊಳೆಯಿರಿ.

ಈಗ ಆ ಸಜ್ಜಾ. ಗಾರೆ ಮಾತ್ರ ಉದುರಿದೆಯಾ, ಒಳಗೆ ಕಂಬಿ ಕಾಣುತ್ತಿದೆಯಾ? ಕಂಬಿ ಕಂಡರೆ ಅದು ದೊಡ್ಡ ವಿಷಯವೇ. ನೀರು ಇಳಿದು ಕಂಬಿಗೆ ತುಕ್ಕು ಹಿಡಿದಾಗ ಅದು ಉಬ್ಬುತ್ತೆ, ಉಬ್ಬಿದ ತುಕ್ಕು ಮೇಲಿನ ಕಾಂಕ್ರೀಟನ್ನು ಒಡೆದು ತಳ್ಳುತ್ತೆ. ಅದರ ಮೇಲೆ ಸುಮ್ನೆ ಸಿಮೆಂಟ್ ಮೆತ್ತಿ ಪೇಂಟ್ ಹೊಡೆದರೆ ಒಳಗೆ ತುಕ್ಕು ಬೆಳೀತಾನೇ ಇರುತ್ತೆ. ಸಡಿಲ ಆದದ್ದನ್ನೆಲ್ಲ ಕೆತ್ತಿ ತೆಗೆಯಬೇಕು, ಕಂಬಿಯ ತುಕ್ಕು ಉಜ್ಜಬೇಕು, ತುಕ್ಕುನಿರೋಧಕ ಬಳಿಯಬೇಕು, ಆಮೇಲೆ ಪಾಲಿಮರ್ ಗಾರೆ. ಕಂಬಿ ಸವೆದು ತೆಳುವಾಗಿದ್ದರೆ ಹೊಸ ಕಂಬಿ ಸೇರಿಸಬೇಕಾಗುತ್ತೆ. ಅದನ್ನು ಮೇಸ್ತ್ರಿ ತೀರ್ಮಾನಿಸುವುದು ಬೇಡ, ಸ್ಟ್ರಕ್ಚರಲ್ ಎಂಜಿನಿಯರ್ ನೋಡಲಿ.

ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ, ನೀವೇ ಒಂದು ಸುತ್ತು ಹಾಕಿ. ಸಣ್ಣ ಸುತ್ತಿಗೆಯಿಂದ ಸಜ್ಜಾ, ಬೀಮ್, ಮೆಟ್ಟಿಲ ತಳ ಮೆಲ್ಲಗೆ ತಟ್ಟಿ. ಪೊಳ್ಳು ಶಬ್ದ ಬಂದ ಕಡೆ ಚಾಕ್ ಗುರುತು ಹಾಕಿ. ಬಿರುಕು ಇದ್ದರೆ ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ, ಫೋಟೋ ತೆಗೆದಿಡಿ. ಮೂರು ತಿಂಗಳ ಮೇಲೆ ಬಿರುಕು ಗೆರೆ ದಾಟಿದ್ದರೆ ಅದು ಇನ್ನೂ ಬೆಳೆಯುತ್ತಿದೆ ಅಂತ ಅರ್ಥ. ಗೋಡೆ ಸಂದಿಯಲ್ಲಿ ಅರಳಿ, ಆಲದ ಸಸಿ ಬಂದಿದ್ದರೆ ಚಿಕ್ಕದಿರುವಾಗಲೇ ಬೇರುಸಮೇತ ತೆಗೆಯಿರಿ. ಗಿಡದ ಮೇಲೆ ಪ್ರೀತಿ ಇರುವ ನಮಗೆ ಅದು ಕಷ್ಟ, ಆದರೂ ತೆಗೆಯಲೇಬೇಕು.

ಲಿಫ್ಟ್ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ ಲಿಫ್ಟಿಗೆ 2012ರ ಪ್ರತ್ಯೇಕ ಕಾಯ್ದೆ ಇದೆ. ಹಾಕಿಸಲು ಅನುಮತಿ, ನಡೆಸಲು ಲೈಸೆನ್ಸ್, ಎರಡೂ ವಿದ್ಯುತ್ ಪರಿವೀಕ್ಷಣಾಲಯದಿಂದ ಬೇಕು. ಕಂಪನಿಯವರು "ಎಲ್ಲ ನಾವೇ ಮಾಡಿದ್ದೀವಿ" ಅಂದಿರಬಹುದು. ಕಾಗದ ನಿಮ್ಮ ಕೈಯಲ್ಲಿ ಇದೆಯಾ, ಚಾಲ್ತಿಯಲ್ಲಿ ಇದೆಯಾ ನೋಡಿ. ವಾರ್ಷಿಕ ನಿರ್ವಹಣೆ ಕರಾರು ಬಿಡಬೇಡಿ. ಸರ್ವಿಸ್ ಹುಡುಗ ಬಂದಾಗ ಬಾಗಿಲು ಪೂರ್ತಿ ಮುಚ್ಚದಿದ್ದರೆ ಲಿಫ್ಟ್ ಹೊರಡುತ್ತಾ ಅಂತ ನಿಮ್ಮ ಮುಂದೆಯೇ ಪರೀಕ್ಷೆ ಮಾಡಿಸಿ. ಆರು ಜನರ ಲಿಫ್ಟ್ ಅಂದರೆ 408 ಕಿಲೋ. ಗೊಬ್ಬರ, ಮಣ್ಣಿನ ಚೀಲ ಏರಿಸುವಾಗ ಇದು ನೆನಪಿರಲಿ. ಒದ್ದೆ ಚೀಲದ ತೂಕ ಕಣ್ಣಳತೆಗೆ ಸಿಗಲ್ಲ.

ಕರೆಂಟ್. ಕೇಂದ್ರದ ವಿದ್ಯುತ್ ಸುರಕ್ಷತಾ ನಿಯಮದಂತೆ ವೈರಿಂಗ್ ಐದು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಆಗಬೇಕು. 1998ರ ವೈರಿಂಗ್ ಆದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಅರ್ಥಿಂಗ್ ಅಳೆಸಿ. ತಾರಸಿಯ ಡ್ರಿಪ್ ಮೋಟಾರ್, ದೀಪಕ್ಕೆ, ಕರೆಂಟ್ ಸೋರಿದ ಕೂಡಲೇ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲೇಬೇಕು. ಅದರಲ್ಲಿ ಟೆಸ್ಟ್ ಬಟನ್ ಇರುತ್ತೆ, ತಿಂಗಳಿಗೊಮ್ಮೆ ಒತ್ತಿ, ಕರೆಂಟ್ ಹೋಗದಿದ್ದರೆ ಅದೇ ದಿನ ಬದಲಿಸಿ. ಪಕ್ಕದಲ್ಲಿ 11 ಕೆವಿ (11 ಸಾವಿರ ವೋಲ್ಟ್) ಲೈನ್ ಇದ್ದರೆ ಕಟ್ಟಡದಿಂದ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ದೂರ ಇರಬೇಕು ಅನ್ನೋದು ನಿಯಮ. ಚಪ್ಪರಕ್ಕೆ ಕಬ್ಬಿಣದ ಪೈಪ್ ಎತ್ತುವಾಗ ಆ ಅಂತರ ಕ್ಷಣದಲ್ಲಿ ಹೋಗಿಬಿಡುತ್ತೆ. ಆ ಬದಿಗೆ ಚಪ್ಪರವೇ ಬೇಡ.

ಬೆಂಕಿ ವಿಷಯದಲ್ಲಿ ಬೆಂಗಳೂರಿನವರು 2010ರ ಫೆಬ್ರವರಿ 23 ಮರೆಯಬಾರದು. ಬಹುಮಹಡಿ ಕಚೇರಿ ಕಟ್ಟಡವಾದ ಕಾರ್ಲ್‌ಟನ್ ಟವರ್ಸ್‌ನಲ್ಲಿ ಅವತ್ತು 9 ಜನ ಸತ್ತರು. ಹೊಗೆಯಲ್ಲಿ ಸಿಕ್ಕಿ, ಬೇರೆ ದಾರಿ ಕಾಣದೆ ಕೆಲವರು ಕಿಟಕಿಯಿಂದ ಹಾರಿದರು. ನಿಮ್ಮದು ಚಿಕ್ಕ ಕಟ್ಟಡ, ದೊಡ್ಡ ಕಟ್ಟಡಗಳ ಅಗ್ನಿಶಾಮಕ ಎನ್‌ಒಸಿ ನಿಯಮ ಇದಕ್ಕೆ ಬರುವುದಿಲ್ಲ. ಆದರೆ ಹೊಗೆಗೆ ಕಟ್ಟಡದ ಎತ್ತರ ಗೊತ್ತಾಗಲ್ಲ. ನಿಮ್ಮಲ್ಲಿ ಇರುವುದು ಒಂದೇ ಮೆಟ್ಟಿಲು. ಅಲ್ಲಿ ಖಾಲಿ ಕುಂಡ, ಕೋಕೋಪೀಟ್ ಮೂಟೆ, ಹಸಿರು ನೆಟ್ ಸುರುಳಿ ಇಡಬೇಡಿ. ಮೀಟರ್ ಬೋರ್ಡಿನ ಕೆಳಗಂತೂ ಬೇಡವೇ ಬೇಡ. ಒಣ ಕೋಕೋಪೀಟ್ ಹೊತ್ತಿಕೊಳ್ಳುತ್ತೆ. ತರಕಾರಿ ಕದೀತಾರೆ ಅಂತ ತಾರಸಿ ಬಾಗಿಲಿಗೆ ಬೀಗ ಹಾಕುವವರಿದ್ದಾರೆ. ಒಳಗಿನಿಂದ ಕೀ ಇಲ್ಲದೆ ತೆಗೆಯುವ ಚಿಲಕ ಇರಲಿ, ಬಾಡಿಗೆಯವರಿಗೆಲ್ಲ ಅದು ಗೊತ್ತಿರಲಿ. ಪ್ರತಿ ಅಂತಸ್ತಿಗೆ ಒಂದು ಐಎಸ್‌ಐ ಗುರುತಿನ ಎಬಿಸಿ ಸಿಲಿಂಡರ್ (ಬೆಂಕಿ ಆರಿಸುವಂಥದ್ದು) ಹಾಕಿ, ಅದರ ಒತ್ತಡ ತೋರಿಸುವ ಮುಳ್ಳು ಹಸಿರು ಭಾಗದಲ್ಲಿದೆಯಾ ತಿಂಗಳಿಗೊಮ್ಮೆ ನೋಡಿ.

ಶೌಚದ ಪಿಟ್ ಕ್ಲೀನ್ ಮಾಡಿಸುವ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಶೌಚದ ಪಿಟ್ ಒಳಗೆ ರಕ್ಷಣಾ ಸಾಮಗ್ರಿ ಇಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾನೂನು ಪಕ್ಕಕ್ಕಿಡಿ, ಒಳಗಿನ ಗಾಳಿ ಒಂದೆರಡು ಉಸಿರಿಗೇ ಪ್ರಾಣ ತೆಗೆಯುತ್ತೆ. ಸಕ್ಕಿಂಗ್ ಗಾಡಿ ಕರೆಸಿ.

"ಇದಕ್ಕೆಲ್ಲ ನಾವೇ ಜವಾಬ್ದಾರರಾ?" ಅಂತ ಈ ಚರ್ಚೆಯಲ್ಲೇ ಇನ್ನೊಬ್ಬರು ಕೇಳಿದ್ದಾರೆ. ಹೌದು, ಮಾಲೀಕರ ನಿರ್ಲಕ್ಷ್ಯದಿಂದ ಜೀವ ಹೋಯಿತು ಅಂತ ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಬರುತ್ತೆ, ಐದು ವರ್ಷದವರೆಗೆ ಶಿಕ್ಷೆ. ಕಟ್ಟಡ ಅಪಾಯದಲ್ಲಿದೆ ಅನ್ನಿಸಿದರೆ ಪಾಲಿಕೆಯೂ ನೋಟಿಸ್ ಕೊಡಬಹುದು. ಅದಕ್ಕೇ ಒಂದು ಫೈಲ್ ಇಟ್ಟುಕೊಳ್ಳಿ. ಕಟ್ಟಡದ ಪ್ಲಾನ್, ಲಿಫ್ಟ್ ಲೈಸೆನ್ಸ್, ಸರ್ವಿಸ್ ಚೀಟಿ, ಎಲೆಕ್ಟ್ರಿಷಿಯನ್ ವರದಿ, ಬಿರುಕಿನ ಫೋಟೋ ಎಲ್ಲ ಒಂದೇ ಕಡೆ ಇರಲಿ. ಬಾಡಿಗೆಯವರು "ಇಲ್ಲಿ ಸೋರುತ್ತಿದೆ" ಅಂದರೆ ತಾರೀಖು ಹಾಕಿ ಬರೆದಿಡಿ. ಮನೆಯೊಳಗಿನ ತೊಂದರೆ ಮೊದಲು ಕಾಣುವುದು ಅವರಿಗೇ. ದೂರು ಕೊಟ್ಟರೆ ಮುನಿಸಿಕೊಳ್ಳಬೇಡಿ.

ಸದ್ಯಕ್ಕೆ ಮಣ್ಣಿಗೆ ಆರ್ಡರ್ ಕೊಟ್ಟಿದ್ದರೆ ನಿಲ್ಲಿಸಿ. ಸಜ್ಜಾ ಕೆಳಗೆ ಗಾಡಿ ನಿಲ್ಲಿಸದ ಹಾಗೆ, ಮಕ್ಕಳು ಆಡದ ಹಾಗೆ ಇವತ್ತೇ ಹಗ್ಗ ಕಟ್ಟಿಸಿ. ಉದುರಿದ ಜಾಗದ ಹತ್ತಿರದ ಫೋಟೋ ಒಂದು, ಮೇಲಿನ ಮನೆಯ ಸೂರಿನ ಫೋಟೋ ಒಂದು, ತಾರಸಿಯ ಅಳತೆ, ಇಷ್ಟು ಇಲ್ಲೇ ಹಾಕಿ. ಎಂಜಿನಿಯರಿಗೆ ಏನೇನು ಕೇಳಬೇಕು, ಯಾವ ಕಡೆ ಎಷ್ಟು ಬ್ಯಾಗ್ ಇಡಬಹುದು ಅಂತ ನೋಡಿ ಹೇಳುತ್ತೇನೆ.