10 ಕೆಜಿ ಆಗ್ಲಿ ಅಂತ ಯಾರ್ರೀ ಹೇಳಿದ್ದು?

ನಂಗೆ ಬರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ, ಊರು ಬೇರೆ ಅಷ್ಟೆ. ಈ ಸಲ ಜಗಳೂರು ಕಡೆಯಿಂದ ಒಬ್ರು ತಾಯಿ ಬರ್ದಿದ್ದಾರೆ: "ಮಗೂಗೆ ನಾಕು ತಿಂಗಳು, ತೂಕ 4 ಕೆಜಿ 200. ಎಕೋ (ಹಾರ್ಟಿನ ಸ್ಕ್ಯಾನ್) ಮಾಡ್ಸಿದ್ರೆ ಹಾರ್ಟಲ್ಲಿ 8 ಎಂಎಂ ತೂತು, ವಿಎಸ್‌ಡಿ, ಬೇಗ ಆಪರೇಷನ್ ಆಗ್ಬೇಕು ಅಂದ್ರು. ಮನೇಲಿ ಎಲ್ರೂ 10 ಕೆಜಿ ಆಗ್ಲಿ, ಕೂಸು ಗಟ್ಟಿಯಾಗ್ಲಿ ಅಂತಾರೆ. ಏನ್ಮಾಡ್ಲಿ ಸರ್?"

ನೋಡಮ್ಮ, ವಿಎಸ್‌ಡಿ ಅಂದ್ರೆ ಹಾರ್ಟಿನ ಕೆಳಗಿನ ಎರಡು ಕೋಣೆ ನಡುವಿನ ಗೋಡೇಲಿ ತೂತು. ಅಷ್ಟು ದೊಡ್ಡ ತೂತು ಇಟ್ಕೊಂಡು ಆ ಕೂಸು 10 ಕೆಜಿಗೆ ಬರೋದೇ ಕಷ್ಟ. ಎಡಗಡೆ ರಕ್ತ ತೂತಿಂದ ಬಲಗಡೆಗೆ ನುಗ್ಗಿ ಶ್ವಾಸಕೋಶ ತುಂಬ್ಕೊಳ್ಳುತ್ತೆ, ಕುಡ್ದ ಹಾಲೆಲ್ಲ ಏದುಸಿರು ಬಿಡೋದಕ್ಕೇ ಖರ್ಚು, ಎರಡು ಗುಟುಕು ಕುಡಿಯೋದ್ರೊಳಗೆ ಹಣೆ ಬೆವರಿ ಸುಸ್ತಾಗಿ ಮಲಗಿಬಿಡುತ್ತೆ, ಪಕ್ಕೆ ಸೆಳೀತದೆ, ಮತ್ತೆ ಮತ್ತೆ ನ್ಯುಮೋನಿಯಾ. ಹುಟ್ದಾಗ ಚೆನ್ನಾಗೇ ಇತ್ತು, ಯಾರದೋ ಕಣ್ಣು ಬಿತ್ತು ಅಂತಾರಲ್ಲ, ಅದು ಕಣ್ಣಲ್ಲ. ಹುಟ್ಟಿದ ಹೊಸದ್ರಲ್ಲಿ ಶ್ವಾಸಕೋಶದ ರಕ್ತನಾಳ ಬಿಗಿಯಾಗಿರ್ತವೆ, ನಾಕಾರು ವಾರಕ್ಕೆ ಸಡಿಲ ಆಗ್ತವೆ, ಆಗ ರಕ್ತ ನುಗ್ಗೋಕೆ ಶುರು.

ನಂಗೆ ಸಿಟ್ಟು ಬರೋದು ಇದಾದ್ಮೇಲಿನ ಕಥೆಗೆ. ಆಪರೇಷನ್ ಮಾಡಿಸ್ದೆ ವರ್ಷದ ಮೇಲೆ ಕಾದ್ರೆ ಕೆಲವು ಮಕ್ಕಳಿಗೆ ದಮ್ಮು ತಾನಾಗೇ ಕಮ್ಮಿ ಆಗುತ್ತೆ, ಮನೆಯವ್ರಿಗೆಲ್ಲ ಖುಷಿ, ಹರಕೆ ಫಲಿಸ್ತು ಅಂತ. ಒಳಗಡೆ ಆಗಿರೋದೇ ಬೇರೆ. ನಾಳಗಳು ಒತ್ತಡ ತಿಂದು ತಿಂದು ದಪ್ಪ ಆಗಿರ್ತವೆ, ಅದಕ್ಕೇ ರಕ್ತ ಅತ್ಲಾಗೆ ಹೋಗ್ತಿಲ್ಲ. ಹಂಗೇ ಬಿಟ್ರೆ ಮುಂದೆ ರಕ್ತ ಉಲ್ಟಾ ಹರಿದು ತುಟಿ ಉಗುರು ನೀಲಿ. ಐಸನ್‌ಮೆಂಗರ್ ಅನ್ನೋ ಡಾಕ್ಟರ್ 1897ರಲ್ಲೇ ಇದನ್ನ ಬರೆದಿಟ್ಟಿದ್ದಾರೆ. ಆ ಹಂತದಲ್ಲಿ ತೂತು ಮುಚ್ಚಿದ್ರೆ ಜೀವಕ್ಕೇ ಅಪಾಯ, ಯಾವ ಸರ್ಜನ್ನೂ ಮುಟ್ಟಲ್ಲ.

ಅದಕ್ಕೇ ದೊಡ್ಡ ವಿಎಸ್‌ಡಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ಆಪರೇಷನ್, ವರ್ಷ ದಾಟಿಸಬಾರದು. ಸಣ್ಣ ಮೈ ತಡ್ಕೊಳ್ಳುತ್ತಾ ಅಂತ ಭಯ ನಿಮ್ಗೆ. 1954ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಲಿಲಹೈ ಅನ್ನೋ ಸರ್ಜನ್ ಅಪ್ಪನ ರಕ್ತನಾಳಕ್ಕೇ ಮಗೂನ ಜೋಡಿಸಿ ತೂತು ಹೊಲಿದ್ರು, ಈಗ ಆಪರೇಷನ್ ಹೊತ್ತಲ್ಲಿ ಹಾರ್ಟು, ಶ್ವಾಸಕೋಶದ ಕೆಲಸ ಮಾಡೋಕೆ ಮಷೀನ್ ಇದೆ, ಮಕ್ಕಳ ಐಸಿಯು ಇದೆ. ರಿಸ್ಕೇ ಇಲ್ಲ ಅಂತ ನಾನು ಹೇಳಲ್ಲ, ಎಕೋ ನೋಡ್ದೆ ಇಂಥ ದಿನವೇ ಆಪರೇಷನ್ ಅಂತಾನೂ ಹೇಳಲ್ಲ, ಶ್ವಾಸಕೋಶದ ಪ್ರೆಷರ್ ಎಷ್ಟು, ತೂತು ಎಲ್ಲಿದೆ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಮಾಂಸದ ಗೋಡೆಯಲ್ಲಿರೋ ಎರಡು ಮೂರು ಎಂಎಂ ತೂತು ಎಷ್ಟೋ ಸಲ ತಾನೇ ಮುಚ್ಕೊಳ್ಳುತ್ತೆ, ನಿಮ್ದು ಆ ಜಾತಿಯದ್ದಲ್ಲ. ಮೂತ್ರ ಜಾಸ್ತಿ ಹೋಗೋಕೆ ಕೊಟ್ಟಿರೋ ಔಷಧಿ ತೂತು ಮುಚ್ಚಲ್ಲ, ಹಾರ್ಟಿನ ಭಾರ ಇಳಿಸುತ್ತೆ ಅಷ್ಟೆ, ಆದ್ರೂ ನಿಲ್ಲಿಸ್ಬೇಡಿ. ದುಡ್ಡಿನ ಚಿಂತೆ ಇದ್ರೆ ಬಿಪಿಎಲ್ ಕಾರ್ಡ್ ತಗೊಂಡು ದಾವಣಗೆರೆ ಜಿಲ್ಲಾ ಆಸ್ಪತ್ರೆಗೆ ಹೋಗಿ, ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯದ ಸರ್ಕಾರಿ ಯೋಜನೆ) ಅಂತ ಕೇಳಿ, ರೆಫರಲ್ ಪತ್ರ ಇಸ್ಕೊಳ್ಳಿ, ಆಮೇಲೆ ಜಯದೇವಕ್ಕೋ ಎಲ್ಲಿಗೆ ಕಳಿಸ್ತಾರೋ ಅಲ್ಲಿಗೆ. ಸಾಲ ಮಾಡೋ ಮುಂಚೆ ಇದನ್ನ ಮಾಡಿ.

ಹರಿಹರದವ್ರು: ಹತ್ತು ದಿನದ ಕೂಸು, ತುಟಿ ನೀಲಿ, ಥಂಡಿ ಇರ್ಬಹುದಾ? ಇದಕ್ಕೆ ನಾನು ಪತ್ರಿಕೆ ಬರೋತನಕ ಕಾಯ್ಲಿಲ್ಲ, ಅವತ್ತೇ ಫೋನ್ ಮಾಡಿ ಹೊರಡಿಸ್ದೆ. ಇಂಥ ನೀಲಿ ಹಾರ್ಟಿನ ತೊಂದರೆಯಿಂದಾನೂ ಇರ್ಬಹುದು. ಹಾರ್ಟಿಂದ ಹೊರಡೋ ದೊಡ್ಡ ರಕ್ತನಾಳ ಅದಲು ಬದಲಾಗಿ ಹುಟ್ಟಿದ ಮಕ್ಕಳಿಗೆ ಮೊದಲ ಕೆಲವೇ ವಾರದೊಳಗೆ ಆಪರೇಷನ್ ಆಗ್ಬೇಕು. ನಾಲಿಗೆ, ತುಟಿ ನೀಲಿ ಕಂಡ್ರೆ ನಂಗೆ ಬರೀಬೇಡಿ, ಆಸ್ಪತ್ರೆಗೆ ಓಡಿ.

ಗ್ರಹಣ ನೋಡಿದ್ದಕ್ಕೆ ಹಿಂಗಾಯ್ತಾ? ಇಲ್ಲ. ಬಸುರಿಗೆ ಹತೋಟಿಯಿಲ್ಲದ ಶುಗರ್, ಮೊದಲ ತಿಂಗಳುಗಳಲ್ಲಿ ರುಬೆಲ್ಲಾ, ಹತ್ತಿರದ ಸಂಬಂಧದಲ್ಲಿ ಮದುವೆ, ಇವು ರಿಸ್ಕ್ ಜಾಸ್ತಿ ಮಾಡ್ತವೆ, ಹೆಚ್ಚಿನವ್ರಲ್ಲಿ ಕಾರಣಾನೇ ಸಿಗಲ್ಲ. ಸೊಸೆ ತಲೆಗೆ ಕಟ್ಟೋದು ಬಿಡ್ರಿ.

ಬೇರಿನ ಪುಡಿಲಿ ತೂತು ಮುಚ್ತಾರಂತೆ? ತಾನೇ ಮುಚ್ಕೊಳ್ಳೋ ತೂತು ಮುಚ್ಚಿದಾಗ ಪುಡಿ ಕೊಟ್ಟೋನಿಗೆ ಹೆಸರು, ಮುಚ್ಚದಿದ್ದ ಮಕ್ಕಳ ಲೆಕ್ಕ ಅವನತ್ರ ಕೇಳಿದೀರಾ? ದಮ್ಮು ಅಂತ ಹೊಟ್ಟೆಗೆ ಬರೆ ಹಾಕ್ಸೋರಂತೂ ನನ್ನ ಎದುರು ಬರ್ಲೇಬೇಡಿ. ಗಾಯ ಕೀವಾದ್ರೆ ಆಪರೇಷನ್ ಇನ್ನೂ ಮುಂದಕ್ಕೆ ಹೋಗುತ್ತೆ.

ಚಳ್ಳಕೆರೆಯವ್ರು: ಐದು ವರ್ಷದ ಮಗಳಿಗೆ ಎಎಸ್‌ಡಿ, ನಾಳೇನೇ ಬೆಂಗಳೂರಿಗೆ ಹೋಗ್ಬೇಕಾ? ಬೇಡ. ಇದು ಹಾರ್ಟಿನ ಮೇಲಿನ ಎರಡು ಕೋಣೆ ನಡುವಿನ ಗೋಡೆ ತೂತು, ಅವಸರ ಇಲ್ಲ. ಸುತ್ತ ಅಂಚು ಸರಿ ಇದ್ರೆ ತೊಡೆ ನಾಳದಿಂದ ಡಿವೈಸ್ (ಮುಚ್ಚಳದಂಥ ಸಣ್ಣ ಸಾಧನ) ಹಾಕಿ ಮುಚ್ಚಬಹುದು, ಎದೆ ಸೀಳೋದೂ ಇಲ್ಲ. ಬೇಸಿಗೆ ರಜೆಗೆ ಇಟ್ಕೊಳ್ಳಿ, ಮರೆತುಬಿಡ್ಬೇಡಿ.

ಲಸಿಕೆ ನಿಲ್ಲಿಸ್ಬೇಕಾ? ಯಾಕ್ರಿ ನಿಲ್ಲಿಸ್ತೀರಿ? ಈ ಮಕ್ಕಳಿಗೆ ಅದು ಇನ್ನೂ ಮುಖ್ಯ.