ಟ್ಯೂಬಿನಲ್ಲಿ ಬಂದ ಹಸಿರು ನೀರು

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ತಾಯಿಯವರ ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆ ನಡೆದ ಮರುದಿನ ಹೊಟ್ಟೆಗೆ ಹಾಕಿದ್ದ ಟ್ಯೂಬಿನಲ್ಲಿ ಹಸಿರು ನೀರು ಬರುತ್ತಿದ್ದುದನ್ನು ನೀವು ತೋರಿಸಿದಾಗ ‘ಅದು ಮಾಮೂಲು’ ಎಂದು ಹೇಳಿ ವೈದ್ಯರು ಮನೆಗೆ ಕಳುಹಿಸಿದರು. ವಾರದೊಳಗೆ ಜ್ವರ ಏರಿ, ಕಣ್ಣು ಹಳದಿಯಾಗಿ, ಪಿತ್ತರಸವನ್ನು ಕರುಳಿಗೆ ಒಯ್ಯುವ ಪಿತ್ತನಾಳಕ್ಕೆ ಪೆಟ್ಟಾಗಿರುವುದು ಬೇರೊಂದು ಆಸ್ಪತ್ರೆಯಲ್ಲಿ ತಿಳಿಯಿತು. ಮೊದಲ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದರ ಸುಳಿವೇ ಇಲ್ಲ. ಹೇಳುವುದು ಅವರ ಹೊಣೆಯಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಹೊಣೆಯೇ.

ಪೆಟ್ಟಾದದ್ದಕ್ಕೇ ವೈದ್ಯರನ್ನು ಅಪರಾಧಿ ಎನ್ನಲಾರೆ. ಈ ಶಸ್ತ್ರಚಿಕಿತ್ಸೆಯಲ್ಲಿ ಸಾವಿರಕ್ಕೆ ಮೂರರಿಂದ ಐದು ಮಂದಿಗೆ, ನುರಿತ ಕೈಗಳಲ್ಲೂ, ಹೀಗಾಗುತ್ತದೆ. ಆದರೆ ಹಸಿರು ನೀರೆಂದರೆ ಪಿತ್ತ ಸೋರುತ್ತಿದೆ ಎಂದೇ ಶಂಕಿಸಬೇಕು. ಅಂದೇ ಗುರುತಿಸಿ ಹೇಳಿದ್ದರೆ ಸೋಂಕು ಹರಡುವ ಮೊದಲೇ ಸರಿಪಡಿಸುವ ಅವಕಾಶವಿರುತ್ತಿತ್ತು. ಆದ್ದರಿಂದ ತೊಡಕನ್ನು ತಿಳಿಸುವುದನ್ನು ನಾನು ಸೌಜನ್ಯವೆಂದು ಕರೆಯುವುದಿಲ್ಲ, ಅದು ಚಿಕಿತ್ಸೆಯದೇ ಭಾಗ.

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯೂ ರೋಗಿಯ ಸ್ಥಿತಿಯ ಗಂಭೀರತೆಯನ್ನು ಹಿಗ್ಗಿಸಲೂಬಾರದು, ಕುಗ್ಗಿಸಲೂಬಾರದು ಎನ್ನುತ್ತದೆ. ಇಂಗ್ಲೆಂಡಿನ ಕಾನೂನು ಇನ್ನೂ ಬಿಡಿಸಿ ಹೇಳಿದೆ: ಅಲ್ಲಿ 2014ರಿಂದ, ಚಿಕಿತ್ಸೆಯಲ್ಲಿ ಗಂಭೀರ ಹಾನಿಯಾದರೆ ಆಸ್ಪತ್ರೆಯೇ ರೋಗಿಗೆ ಅಥವಾ ಮನೆಯವರಿಗೆ ನಡೆದದ್ದನ್ನು ತಿಳಿಸಿ, ಕ್ಷಮೆ ಕೇಳಿ, ಬರವಣಿಗೆಯಲ್ಲೂ ಕೊಡಬೇಕು.

ನಮ್ಮ ವೈದ್ಯರಿಗೆ ಹಲ್ಲೆಯ ಭಯವಿದೆ, ಮೊಕದ್ದಮೆಯ ಭಯವಿದೆ. ಎರಡೂ ಸುಳ್ಳಲ್ಲ, ವಾರ್ಡಿಗೆ ನುಗ್ಗಿ ಕೈಮಾಡುವವರ ಪರ ಈ ಪತ್ರಿಕೆ ಎಂದೂ ನಿಲ್ಲದು. ಆದರೂ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ತಪ್ಪನ್ನು ತಾವಾಗಿ ಹೇಳಿ, ಕ್ಷಮೆ ಕೇಳಿ, ಪರಿಹಾರ ಕೊಡುವ ಪದ್ಧತಿ ತಂದಮೇಲೆ ಅಲ್ಲಿ ಮೊಕದ್ದಮೆಗಳು ಇಳಿದವು. ನಮ್ಮ ಬೋಧನಾ ಆಸ್ಪತ್ರೆಗಳಲ್ಲೂ ಶಸ್ತ್ರಚಿಕಿತ್ಸೆಯ ತೊಡಕುಗಳನ್ನು ಚರ್ಚಿಸುವ ಸಭೆಗಳು ನಡೆಯುತ್ತವೆ, ಕಿರಿಯ ವೈದ್ಯರು ಅಲ್ಲಿ ಬಹಳಷ್ಟು ಕಲಿಯುತ್ತಾರೆ. ಅಲ್ಲಿ ಬಾಯಿಬಿಟ್ಟು ಒಪ್ಪಿಕೊಂಡ ಮಾತು ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವ ಮಗಳಿಗೆ ಏಕೆ ತಲುಪಬಾರದು?

ಇನ್ನು ನೀವು ಮಾಡಬೇಕಾದದ್ದು. ಚಿಕಿತ್ಸಾ ದಾಖಲೆಗಳನ್ನು ಕೋರಿ ಮೊದಲ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೇಲೆ ಹೇಳಿದ 2002ರ ನಿಯಮಾವಳಿಯಂತೆ 72 ಗಂಟೆಗಳೊಳಗೆ ಅವರು ಕೊಡಬೇಕು; ಒಳರೋಗಿಯ ದಾಖಲೆಗಳನ್ನು 3 ವರ್ಷ ಕಾಪಾಡುವುದೂ ಅವರ ಕರ್ತವ್ಯ. ಡಿಸ್ಚಾರ್ಜ್ ಸಮ್ಮರಿಯಷ್ಟಕ್ಕೇ ತೃಪ್ತರಾಗದೆ ಆಪರೇಷನ್ ನೋಟ್ಸ್ ಮತ್ತು ನರ್ಸ್‌ಗಳ ಚಾರ್ಟನ್ನು ಹೆಸರಿಸಿ ಕೇಳಿ. ಟ್ಯೂಬಿನಲ್ಲಿ ದಿನಕ್ಕೆ ಎಷ್ಟು ನೀರು ಬಂತು, ಅದರ ಬಣ್ಣ ಯಾವುದು ಎಂಬುದು ಆ ಚಾರ್ಟಿನಲ್ಲಿ ಬರೆದಿರಬೇಕು.

— ಸಂಪಾದಕ