ಅಡವಿಟ್ಟ ಗಿರಣಿ ಎಲ್ಲಿ ಹೋಯಿತು?

ಪ್ರಿಯ ಲೇಖಕರೇ,

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಕೆಲವು ಅಧ್ಯಾಯಗಳನ್ನು ಮರಳಿ ಓದಿದೆ. ಈಗಿರುವ ರೂಪದಲ್ಲಿ ನಾವು ಇದನ್ನು ಪ್ರಕಟಿಸುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ನೀವು ತೀರ್ಪಿಗಾಗಿ ಕಾಯುತ್ತ ಓದುವುದು ಬೇಡ, ತಿದ್ದುವ ಮನಸ್ಸಿನಿಂದ ಓದಿ. ಮಧ್ಯಯುಗದ ಯುರೋಪಿನ ಕುದುರೆಸವಾರ ಯೋಧರಾದ ನೈಟ್‌ಗಳ ಲೋಕವನ್ನು ಕನ್ನಡದಲ್ಲಿ ಇಷ್ಟು ಶ್ರದ್ಧೆಯಿಂದ ಕಟ್ಟಲು ಹೊರಟವರನ್ನು ಹಾಗೆಯೇ ಕಳುಹಿಸಿಬಿಡಲು ನನಗೆ ಮನಸ್ಸಿಲ್ಲ. ನಿಮ್ಮ ಎರಡನೆಯ ಅಧ್ಯಾಯ ಓದಿದ ಮೇಲಂತೂ ಸಾಧ್ಯವೇ ಇಲ್ಲ.

ಆ ಅಧ್ಯಾಯದಲ್ಲಿ ನಾಯಕನ ವಿಧವೆ ತಾಯಿ ಮಗನಿಗೆ ಯುದ್ಧದ ಕುದುರೆ ಕೊಡಿಸಲೆಂದು ತನ್ನ ನೀರಿನ ಗಿರಣಿಯನ್ನು ಅಡವಿಡುತ್ತಾಳೆ. ಪತ್ರದ ಮೇಲಿನ ಮೇಣ ಆರಿ ಗಟ್ಟಿಯಾದರೂ ಆಕೆ ಮುದ್ರೆಯುಂಗುರದ ಕೈಯನ್ನು ಎತ್ತುವುದಿಲ್ಲ. ಮಧ್ಯಯುಗದ ಯುರೋಪಿನಲ್ಲಿ ಒಂದು ಸಣ್ಣ ಜಮೀನಿನ ಒಡೆತನಕ್ಕೆ ಗಿರಣಿ ಎಂದರೆ ಏನು ಎಂಬುದನ್ನು ನೀವು ಚೆನ್ನಾಗಿ ತಿಳಿದುಕೊಂಡಿದ್ದೀರಿ: ಎಷ್ಟೋ ಕಡೆ ರೈತರು ಒಡೆಯನ ಗಿರಣಿಯಲ್ಲೇ ಕಾಳು ಬೀಸಿಸಬೇಕಿತ್ತು, ಅದರಲ್ಲೊಂದು ಪಾಲನ್ನು ಅಲ್ಲೇ ಬಿಟ್ಟುಹೋಗಬೇಕಿತ್ತು. ಗಿರಣಿ ಹೋದರೆ ಮನೆಯ ಅನ್ನವೇ ಹೋದಂತೆ. ಇಷ್ಟನ್ನು ಒಂದೂವರೆ ಪುಟದಲ್ಲಿ, ಒಂದು ಹೆಚ್ಚಿನ ಮಾತೂ ಇಲ್ಲದೆ ಹೇಳಿದ್ದೀರಿ. ಆದರೆ ಅಲ್ಲಿಂದ ಕೊನೆಯ ಪುಟದವರೆಗೆ ಆ ಗಿರಣಿಯ ಸುದ್ದಿಯೇ ಇಲ್ಲ. ಸಾಲ ಯಾರು ತೀರಿಸಿದರು? ತಾಯಿ ಏನಾದಳು?

ಇದನ್ನು ಸಣ್ಣ ಮರೆವೆಂದು ಭಾವಿಸಬೇಡಿ. ಇಡೀ ಕಾದಂಬರಿಯ ದೋಷ ಇಲ್ಲೇ ಇದೆ. ನಿಮ್ಮ ನಾಯಕ ಮತ್ತೆ ಮತ್ತೆ ಪ್ರತಿಜ್ಞೆ ಮಾಡುತ್ತಾನೆ, ಪ್ರತಿ ಸಲವೂ ಅದನ್ನು ಉಳಿಸಿಕೊಳ್ಳುತ್ತಾನೆ, ಅದಕ್ಕಾಗಿ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಹದಿನಾಲ್ಕನೆಯ ಅಧ್ಯಾಯದಲ್ಲಿ ಸೆರೆಸಿಕ್ಕ ಡ್ಯೂಕನನ್ನು ಒತ್ತೆಹಣ ಕೇಳದೆ ಬಿಟ್ಟುಬಿಡುತ್ತಾನೆ. ಸೈನಿಕರೆಲ್ಲ ಜಯಕಾರ ಹಾಕುತ್ತಾರೆ. ನಾನು ಆ ಪುಟದಲ್ಲಿ ಓದು ನಿಲ್ಲಿಸಿದೆ. ಆ ಕಾಲದ ಯುದ್ಧದಲ್ಲಿ ಸೆರೆಯಾಳು ಎಂದರೆ ಸಂಪತ್ತು. ಒತ್ತೆಹಣದ ಆಸೆಯಿಂದ ಶ್ರೀಮಂತರ ಪ್ರಾಣ ಉಳಿಯುತ್ತಿತ್ತು, ಅದರ ಪಾಲು ಸೆರೆಹಿಡಿದವನಿಗೂ ಅವನ ನಾಯಕನಿಗೂ ಸೇರುತ್ತಿತ್ತು. ಡ್ಯೂಕನನ್ನು ಹಿಡಿಯುವಾಗ ಗಾಯಗೊಂಡವರು ಬರಿಗೈಯಲ್ಲಿ ನಿಂತು ಜಯಕಾರ ಹಾಕುತ್ತಾರೆಯೇ?

ಫ್ರಾನ್ಸಿನ ದೊರೆ ಎರಡನೆಯ ಜಾನ್‌ನ ಕಥೆಯನ್ನು ನೀವು ಅಭ್ಯಾಸ ಮಾಡಬೇಕು. 1356ರಲ್ಲಿ ಪ್ವಾಟಿಯೇ ಯುದ್ಧದಲ್ಲಿ ಅವನು ಇಂಗ್ಲಿಷರ ಸೆರೆಯಾದ. 1360ರ ಬ್ರೆಟಿನ್ಯಿ ಒಪ್ಪಂದದಲ್ಲಿ ಅವನ ಬಿಡುಗಡೆಗೆ ನಿಗದಿಯಾದ ಮೊತ್ತ 30 ಲಕ್ಷ ಚಿನ್ನದ ಎಕ್ಯೂ ನಾಣ್ಯಗಳು. ಅದನ್ನು ತೆರುವುದಕ್ಕಾಗಿ ಸೋತು ಸುಣ್ಣವಾದ ರಾಜ್ಯದ ಮೇಲೆ ತೆರಿಗೆ ಬಿತ್ತು. ಫ್ರಾಂಕ್ ಎಂಬ ನಾಣ್ಯವೇ ಆ ವರ್ಷ ಹುಟ್ಟಿಕೊಂಡಿತು. ದೊರೆ ಊರಿಗೆ ಬಂದ, ಅವನ ಮಗ ಲೂಯಿ ಒತ್ತೆಯಾಳಾಗಿ ಉಳಿದ. 1363ರಲ್ಲಿ ಆ ಮಗ ತಪ್ಪಿಸಿಕೊಂಡು ಓಡಿಹೋದಾಗ ಜಾನ್ ತಾನಾಗಿಯೇ ಲಂಡನ್‌ಗೆ ಮರಳಿ 1364ರಲ್ಲಿ ಅಲ್ಲೇ ತೀರಿಕೊಂಡ. ಕೊಟ್ಟ ಮಾತಿಗಾಗಿ ಸೆರೆಗೆ ಹಿಂದಿರುಗಿದ ಅರಸ ಎಂದು ಅವನನ್ನು ಹೊಗಳಬಹುದು. ಕಾಳು ಮಾರಿ ತೆರಿಗೆ ಕಟ್ಟಿದ ರೈತನ ಅಂಗಳದಲ್ಲಿ ನಿಂತು ಅದೇ ಕಥೆಯನ್ನು ಹೇಳಿ ನೋಡಿ. ಜಾನ್ ಸೆರೆಯಲ್ಲಿದ್ದಾಗಲೇ, 1358ರಲ್ಲಿ, ಉತ್ತರ ಫ್ರಾನ್ಸಿನ ರೈತರು ದಂಗೆ ಎದ್ದಿದ್ದರು. ಅವರನ್ನು ಕೊಚ್ಚಿಹಾಕಿದವರು ಇದೇ ನೈಟ್‌ಗಳ ವರ್ಗದವರು. ಎರಡೂ ನಿಜ. ಇವೆರಡನ್ನೂ ಒಂದೇ ಪುಟದಲ್ಲಿ ಇಡಬಲ್ಲ ಕಾದಂಬರಿಯನ್ನು ನಾನು ನಿಮ್ಮಿಂದ ಬಯಸುತ್ತಿದ್ದೇನೆ.

ಅದೇ ಪ್ವಾಟಿಯೇಯಲ್ಲಿ ರಾಜಧ್ವಜ ಹಿಡಿದು ಮಡಿದವನು ಜೆಫ್ರುವಾ ದ ಶಾರ್ನಿ. ನೈಟ್‌ನ ಮಾನ ಎಂದರೇನು ಎಂಬುದರ ಬಗ್ಗೆ ಗ್ರಂಥವನ್ನೇ ಬರೆದವನು. ಇವನೇ 1350ರ ಹೊಸ್ತಿಲಲ್ಲಿ ಇಂಗ್ಲಿಷರ ಕೈಯಲ್ಲಿದ್ದ ಕಾಲೇ ಪಟ್ಟಣವನ್ನು ವಶಪಡಿಸಿಕೊಳ್ಳಲು ಒಳಗಿನ ಅಧಿಕಾರಿಯೊಬ್ಬನಿಗೆ ಲಂಚ ಕೊಟ್ಟು, ಸಂಚು ಬಯಲಾಗಿ ಸಿಕ್ಕಿಬಿದ್ದಿದ್ದ. ನಿಮ್ಮ ಕಾದಂಬರಿಯಲ್ಲಿ ಇಂಥ ಒಬ್ಬನೂ ಇಲ್ಲ. ಒಳ್ಳೆಯವರೆಲ್ಲ ಪೂರ್ತಿ ಒಳ್ಳೆಯವರು, ದುಷ್ಟರು ಹುಟ್ಟಿನಿಂದಲೇ ದುಷ್ಟರು.

ಇನ್ನು ನಿಮ್ಮ ಮಾಯಾಖಡ್ಗ. ಪ್ರತಿಜ್ಞೆ ಪ್ರಾಮಾಣಿಕವಾಗಿದ್ದರೆ ಅದು ಹೊಳೆಯುತ್ತದೆ, ಇಲ್ಲವಾದರೆ ಮಂಕಾಗುತ್ತದೆ. ದಯವಿಟ್ಟು ಅದನ್ನು ತೆಗೆದುಹಾಕಿ. ಯಾರು ಸರಿ ಎಂದು ಕತ್ತಿಯೇ ಹೇಳಿಬಿಟ್ಟರೆ ಓದುಗನಿಗೆ ಉಳಿಯುವ ಕೆಲಸವೇನು? ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದ ಒಂದು ಇಂಗ್ಲಿಷ್ ಕಾವ್ಯವಿದೆ, ಆರ್ಥರ್ ದೊರೆಯ ಆಸ್ಥಾನದ ನೈಟ್ ಗವೇನ್ ಮತ್ತು ಹಸಿರು ನೈಟ್‌ನದು. ಪ್ರಾಣ ಕಾಯುತ್ತದೆಂದು ಹೇಳಿ ಆತಿಥೇಯನ ಹೆಂಡತಿ ಕೊಟ್ಟ ಹಸಿರು ನಡುಕಟ್ಟನ್ನು ಗವೇನ್ ಮುಚ್ಚಿಟ್ಟುಕೊಳ್ಳುತ್ತಾನೆ. ದಿನದಲ್ಲಿ ಗಳಿಸಿದ್ದನ್ನೆಲ್ಲ ಆತಿಥೇಯನಿಗೆ ಒಪ್ಪಿಸುವುದಾಗಿ ಕೊಟ್ಟ ಮಾತು ಅಲ್ಲಿ ಮುರಿಯುತ್ತದೆ. ಕೊನೆಗೆ ಹಸಿರು ನೈಟ್ ಬೀಸಿದ ಕೊಡಲಿ ಅವನ ಕುತ್ತಿಗೆಯನ್ನು ತುಸುವೇ ಗೀರುತ್ತದೆ. ಆ ನಡುಕಟ್ಟಿಗೆ ನಿಜವಾಗಿ ಶಕ್ತಿಯಿತ್ತೇ ಎಂಬುದು ಕಾವ್ಯ ಮುಗಿದರೂ ಸಾಬೀತಾಗುವುದಿಲ್ಲ. ಗವೇನ್ ಅದನ್ನು ಅವಮಾನದ ಗುರುತೆಂದು ಧರಿಸಿ ಅರಮನೆಗೆ ಮರಳುತ್ತಾನೆ. ಆರ್ಥರ್‌ನ ಆಸ್ಥಾನ ನಕ್ಕು, ತಾನೂ ಹಸಿರು ಪಟ್ಟಿ ಕಟ್ಟಿಕೊಂಡು ಅದನ್ನು ಗೌರವವಾಗಿಸುತ್ತದೆ. ಯಾರ ಲೆಕ್ಕ ಸರಿ? ಆರು ಶತಮಾನಗಳ ನಂತರವೂ ವಾದ ನಿಂತಿಲ್ಲ. ಮಾಯೆಯನ್ನು ಬಳಸುವುದಾದರೆ ಹೀಗೆ ಬಳಸಿ.

ಪಂದ್ಯದ ಅಧ್ಯಾಯ ಉದ್ದವಾಗಿದೆ, ನಡುವೆ ಬೇಲಿ ಹಾಕಿ ಇಬ್ಬರು ಭರ್ಜಿ ಹಿಡಿದು ನುಗ್ಗುವ ಚಿತ್ರ ತೀರ ಪರಿಚಿತವೂ ಆಗಿದೆ. ನಿಮ್ಮ ವಸ್ತುವಿಗೆ ಹನ್ನೆರಡನೆಯ ಶತಮಾನದ ಪಂದ್ಯ ಹೆಚ್ಚು ಒಗ್ಗುತ್ತದೆ: ಹೊಲಗದ್ದೆಗಳ ನಡುವೆ ಎರಡು ದಂಡುಗಳ ಕಾದಾಟ, ಸೋತವನ ಕುದುರೆ, ಕವಚ, ಒತ್ತೆಹಣ ಗೆದ್ದವನಿಗೆ. ಆಸ್ತಿಯಿಲ್ಲದ ಕಿರಿಯ ಮಗನಾಗಿದ್ದ ವಿಲಿಯಂ ಮಾರ್ಷಲ್ ಹೀಗೆ ಗಳಿಸಿಯೇ ಮೇಲೆ ಬಂದು, ಕೊನೆಗೆ ಬಾಲದೊರೆಯ ಪರವಾಗಿ ಇಂಗ್ಲೆಂಡನ್ನು ಆಳಿದ. ಗಿರಣಿಯ ಸಾಲ ಹೊತ್ತ ನಿಮ್ಮ ಹುಡುಗನಿಗೆ ಇಂಥ ಪಂದ್ಯ ಮೋಜಾಗಿರುವುದಿಲ್ಲ, ಬದುಕಿನ ದಾರಿಯಾಗಿರುತ್ತದೆ. ಹಾಗೆಯೇ, ಕವಚ ತೊಟ್ಟವನನ್ನು ರಾಟೆ ಕಟ್ಟಿ ಕುದುರೆಯ ಮೇಲೆ ಏರಿಸಬೇಡಿ. ಯುದ್ಧದ ಪೂರ್ಣ ಉಕ್ಕಿನ ಕವಚ ಸುಮಾರು 20ರಿಂದ 25 ಕಿಲೋ. ಭಾರ ಮೈತುಂಬ ಹಂಚಿಹೋಗುತ್ತಿತ್ತು, ಪಳಗಿದವನು ತಾನೇ ಜಿಗಿದು ಹತ್ತುತ್ತಿದ್ದ.

ಸಂಭಾಷಣೆಯ ಬಗ್ಗೆ ಒಂದೇ ಮಾತು. ಡ್ಯೂಕನೂ ಲಾಯದ ಹುಡುಗನೂ "ಎಲೈ ದುರುಳನೇ" ಎಂದು ಒಂದೇ ಧಾಟಿಯಲ್ಲಿ ಗರ್ಜಿಸುತ್ತಾರೆ. ಅದು ಕಂಪನಿ ನಾಟಕದ ಭಾಷೆ, ಅಲ್ಲಿಗೆ ಅದು ಭೂಷಣ. ನಿಮ್ಮ ತಾಯಿಯ ಪಾತ್ರ ಎಷ್ಟು ಸರಳವಾಗಿ ಮಾತನಾಡುತ್ತದೆ ನೋಡಿ. ಉಳಿದವರಿಗೂ ಆ ಸರಳತೆ ಕೊಡಿ.

ಈಗ ಮಾಡಬೇಕಾದದ್ದು. ಇಡೀ ಕಾದಂಬರಿಯನ್ನು ತಿದ್ದಲು ಕೂರಬೇಡಿ. ಹದಿನಾಲ್ಕನೆಯ ಅಧ್ಯಾಯವೊಂದನ್ನೇ ಹೊಸದಾಗಿ ಬರೆಯಿರಿ. ಡ್ಯೂಕನ ಒತ್ತೆಹಣ ಬಂದರೆ ಗಿರಣಿ ಬಿಡಿಸಿಕೊಳ್ಳಬಹುದು, ಗಡುವು ಹತ್ತಿರವಿದೆ, ತಾಯಿಯ ಪತ್ರ ಕೈಯಲ್ಲಿದೆ. ಇತ್ತ ಡ್ಯೂಕನಿಗೆ ಕೊಟ್ಟ ಮಾತೂ ಇದೆ. ನಾಯಕ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂಬುದನ್ನು ನಾನು ಹೇಳುವುದಿಲ್ಲ. ಆರಿಸಿಕೊಂಡ ಮೇಲೆ ಅವನು ಊರಿಗೆ ಹೋಗಿ ತಾಯಿಯ ಎದುರು ನಿಲ್ಲುವ ದೃಶ್ಯವನ್ನೂ ಬರೆದು, ಎರಡನ್ನೂ ಒಟ್ಟಿಗೆ ಕಳುಹಿಸಿ. ಬಂದ ಕೂಡಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ